ನೆಲೆಯರಿತ ನಿಜ

ಒಂದು ಮಾತು ನಿಜವಾಗಿರಬೇಕು, ಇಲ್ಲವೆ ಸುಳ್ಳಾಗಿರಬೇಕು. ನಡುವೆ ಮೂರನೆಯದಕ್ಕೆ ಎಡೆಯಿಲ್ಲ. ಇದು ತರ್ಕಶಾಸ್ತ್ರದ ಹಳೆಯ ಕಟ್ಟಳೆ. ಅಂಗಡಿಯ ಲೆಕ್ಕದಲ್ಲಿ, ಶಾಲೆಯ ಪರೀಕ್ಷೆಯಲ್ಲಿ ನಾವು ಈ ಕಟ್ಟಳೆಯನ್ನೇ ನಡೆಸಿಕೊಂಡು ಬಂದಿದ್ದೇವೆ. ಆದರೆ ಸತ್ಯವನ್ನು ಇನ್ನೂ ಅರಸುತ್ತಿರುವವನ ಮುಂದೆ ಬೇರೊಂದು ಸ್ಥಿತಿಯೂ ಇರುತ್ತದೆ. ಹೌದೆನ್ನಲು ಆಧಾರ ಸಿಕ್ಕಿಲ್ಲ. ಅಲ್ಲವೆನ್ನಲೂ ಆಧಾರ ಸಿಕ್ಕಿಲ್ಲ. ಈ ಸ್ಥಿತಿಯನ್ನು ಅಜ್ಞಾನವೆಂದು ತಳ್ಳಿಬಿಡದೆ, ಅದಕ್ಕೂ ಒಂದು ಗಣಿತವನ್ನು ಕಟ್ಟಿದವರುಂಟು. ಆ ಗಣಿತಕ್ಕೆ ಟೋಪೋಸ್ ಸಿದ್ಧಾಂತವೆಂದು ಹೆಸರು. ಟೋಪೋಸ್ ಎಂಬುದು ಗ್ರೀಕ್ ಮಾತು. ಸ್ಥಳ ಎಂದು ಅರ್ಥ. ಕನ್ನಡದಲ್ಲಿ ಅದನ್ನು 'ನೆಲೆ' ಎಂದರೆ ಅರ್ಥ ಚೆನ್ನಾಗಿ ಹೊಂದುತ್ತದೆ.

ಕನ್ನಡ ಪಂಡಿತನಿಗೆ ಈ ವಿಷಯದಲ್ಲೇನು ಕೆಲಸವೆಂದು ಕೇಳುಗರು ಕೇಳಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಸೀಮೆಯ ಕಲ್ಲಿನ ಮೇಲೆಯೇ ಇದೆ. ನಮ್ಮೂರು ಸಿಂಧನೂರು ತಾಲ್ಲೂಕಿನ ಮುಕ್ಕುಂದ. ಅಲ್ಲಿಂದ ಸಿಂಧನೂರನ್ನು ದಾಟಿ ಮುಂದೆ ಹೋದರೆ ಮಸ್ಕಿ. ೧೯೧೫ರ ಜನವರಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅಲ್ಲಿನ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರು ಅದರಲ್ಲಿ ಸ್ಪಷ್ಟವಾಗಿ ಕಂಡಿತು.

ಅದಕ್ಕೆ ಮೊದಲಿನ ಸ್ಥಿತಿಯನ್ನು ನೆನೆಯೋಣ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಈ ಅರಸನೇ ಅಶೋಕನೆಂದು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ವಿದ್ವಾಂಸರು ಗೊತ್ತುಮಾಡಿದರು. ಆದರೂ ಅದು ಹೊರಗಿನ ಸಾಕ್ಷಿ. 'ಬಿರುದಿನೊಡನೆ ಅಶೋಕನ ಹೆಸರಿರುವ ಕಲ್ಲು ದೊರೆತಿದೆ' ಎಂಬ ಮಾತನ್ನು ತೆಗೆದುಕೊಳ್ಳಿ. ೧೯೦೦ರಲ್ಲಿ ನಿಂತು ಈ ಮಾತಿಗೆ ಹೌದೆನ್ನುವ ಹಾಗಿಲ್ಲ. ಅಂಥ ಕಲ್ಲು ಎಂದೆಂದಿಗೂ ದೊರೆಯದೆಂದು ಹೇಳಿದ್ದರೆ ಅದೂ ತಪ್ಪಾಗುತ್ತಿತ್ತು, ಏಕೆಂದರೆ ೧೯೧೫ ಬರಲಿತ್ತು. ೧೯೧೫ರಿಂದ ಈಚೆಗಾದರೋ ಅದು ಸಿದ್ಧವಾದ ಮಾತು. ಒಮ್ಮೆ ಸಿದ್ಧವಾದದ್ದು ಮುಂದಿನ ಹಂತಗಳಲ್ಲೆಲ್ಲ ಸಿದ್ಧವಾಗಿಯೇ ಉಳಿಯುತ್ತದೆ.

ಈ ಲೆಕ್ಕದಲ್ಲಿ 'ಅಲ್ಲ' ಎಂಬುದು ಭಾರವಾದ ಮಾತು. ಈಗ ಆಧಾರವಿಲ್ಲದಿದ್ದರೆ ಸಾಲದು, ಮುಂದಿನ ಯಾವ ಹಂತದಲ್ಲಿಯೂ ಆಧಾರ ದೊರೆಯದೆಂದಾದರೆ ಮಾತ್ರ 'ಅಲ್ಲ' ಎನ್ನಬಹುದು. ಹಾಗೆಯೇ, 'ಅಲ್ಲವೆನ್ನುವುದು ಸರಿಯಲ್ಲ' ಎಂದ ಮಾತ್ರಕ್ಕೆ 'ಹೌದು' ಎಂದಂತಾಗುವುದಿಲ್ಲ. ಎರಡು ನಿಷೇಧಗಳು ಸೇರಿದರೆ ವಿಧಿಯಾಗುತ್ತದೆಂದು ವ್ಯಾಕರಣದಲ್ಲಿ ನಾವು ಹೇಳಿಕೊಡುವುದು ಈ ತರ್ಕದಲ್ಲಿ ಹಾಗೆಯೇ ನಡೆಯದು. ಹಾಲೆಂಡಿನ ಗಣಿತಜ್ಞ ಬ್ರೌವರ್ ೧೯೦೮ರಲ್ಲಿಯೇ ಹಳೆಯ ಕಟ್ಟಳೆಯನ್ನು ಪ್ರಶ್ನಿಸಿದರು. ಅವರ ಶಿಷ್ಯ ಹೇಟಿಂಗ್ ೧೯೩೦ರಲ್ಲಿ ಈ ಹೊಸ ತರ್ಕದ ನಿಯಮಗಳನ್ನು ಬರೆದಿಟ್ಟರು. ಬಹುಮಂದಿ ಗಣಿತಜ್ಞರು ಆಗ ಅದನ್ನು ಒಂದು ಹಟವೆಂದೇ ಎಣಿಸಿದ್ದರು. ಅದಕ್ಕೆ ಸಹಜವಾದ ಮನೆ ಸಿಕ್ಕಿದ್ದು ಮುಂದೆ, ಟೋಪೋಸಿನಲ್ಲಿ.

ಟೋಪೋಸ್ ಎಂದರೇನು? ಶಾಲೆಯ ಮಕ್ಕಳು ಕಲಿಯುವ ಗಣಗಳ ಲೋಕದಂಥದೇ ಒಂದು ಲೋಕ. ಅಲ್ಲಿಯೂ ಎರಡು ಗಣಗಳನ್ನು ಜೋಡಿಸಬಹುದು, ಒಂದರ ಪ್ರತಿಯೊಂದು ಅಂಶಕ್ಕೂ ಇನ್ನೊಂದರ ಅಂಶವನ್ನು ಹೊಂದಿಸುವ ನಿಯಮಗಳನ್ನೆಲ್ಲ ಕೂಡಿಹಾಕಬಹುದು, ಉಪಗಣಗಳನ್ನು ಆರಿಸಬಹುದು. ವ್ಯತ್ಯಾಸವಿರುವುದು ಒಂದೆಡೆ. 'ಈ ವಸ್ತು ಆ ಉಪಗಣದಲ್ಲಿದೆಯೆ?' ಎಂದರೆ ಸಾಮಾನ್ಯ ಲೋಕದಲ್ಲಿ ಬರುವ ಉತ್ತರ ಇದೆ ಅಥವಾ ಇಲ್ಲ. ಟೋಪೋಸಿನಲ್ಲಿ 'ಯಾವ ಯಾವ ನೆಲೆಗಳಲ್ಲಿ ಇದೆ?' ಎಂಬುದಕ್ಕೆ ಬರುವ ಪೂರ್ತಿ ಉತ್ತರವೇ ಆ ಮಾತಿನ ಸತ್ಯದ ಬೆಲೆ. ನೆಲೆ ಒಂದೇ ಇದ್ದರೆ ಹೌದು, ಇಲ್ಲ ಎಂಬ ಎರಡೇ ಬೆಲೆಗಳು ಉಳಿಯುತ್ತವೆ. ಆಗ ನಮ್ಮ ಹಳೆಯ ಲೋಕವೇ ಹಿಂದಿರುಗುತ್ತದೆ.

ನೆಲೆಗಳು ಬೇರೆ ಬೇರೆಯಾದರೆ ಅವನ್ನು ಕೂಡಿಸುವುದು ಹೇಗೆ? ಇದಕ್ಕೆ ಉತ್ತರ ಹುಟ್ಟಿದ್ದು ಸೆರೆಯಲ್ಲಿ. ಫ್ರಾನ್ಸಿನ ಜಾನ್ ಲರೇ ೧೯೪೦ರಿಂದ ೧೯೪೫ರ ವರೆಗೆ ಆಸ್ಟ್ರಿಯದ ಯುದ್ಧಕೈದಿಗಳ ಶಿಬಿರದಲ್ಲಿದ್ದರು. ದ್ರವಗಳ ಚಲನೆಯಲ್ಲಿ ತಾವು ನಿಪುಣರೆಂದು ತಿಳಿದರೆ ಜರ್ಮನರು ಯುದ್ಧದ ಕೆಲಸಕ್ಕೆ ಹಚ್ಚಿಯಾರೆಂದು ಅದನ್ನು ಮರೆಮಾಡಿ, ಆಕಾರಗಳ ಗಣಿತದಲ್ಲಿ ಮನಸ್ಸಿಟ್ಟರು. ಅಲ್ಲಿ ಮೊಳೆತ ಕಲ್ಪನೆಗೆ ಅವರಿಟ್ಟ ಹೆಸರಿನ ಅರ್ಥ ಕಟ್ಟು, ಕಂತೆ. ಭತ್ತ ಕೊಯ್ಯುವ ನಮ್ಮವರು ಅದನ್ನು ಸಿವುಡು ಎಂದಾರು. ಒಂದೊಂದು ಎಡೆಯಲ್ಲಿ ತಿಳಿದ ತುಣುಕುಗಳು, ಎರಡು ಎಡೆಗಳು ಮೇಳವಿಸುವಲ್ಲಿ ಪರಸ್ಪರ ಒಪ್ಪಿದರೆ, ಅವೆಲ್ಲ ಕೂಡಿ ಒಂದೇ ಒಂದು ಪೂರ್ಣರೂಪವಾಗಬೇಕು. ಇದೇ ಸಿವುಡಿನ ನಿಯಮ.

ಶಾಸನ ಓದುವವರು ಮಾಡುವುದೂ ಇಂಥ ಕೆಲಸವೇ. ಮಸ್ಕಿಯ ಬಂಡೆಯಲ್ಲಿ ಕೆಲವು ಅಕ್ಷರಗಳು ಅಳಿಸಿವೆ. ಅದೇ ಆಜ್ಞೆಯ ಪ್ರತಿಗಳು ಬ್ರಹ್ಮಗಿರಿಯಲ್ಲಿಯೂ ಕೊಪ್ಪಳದ ಗವಿಮಠದಲ್ಲಿಯೂ ಇವೆ; ತುಂಗಭದ್ರೆಯಾಚೆ ನಿಟ್ಟೂರು, ಉದೇಗೊಳಗಳಲ್ಲಿ ಆಮೇಲೆ ದೊರೆತವು. ಎರಡು ಪ್ರತಿಗಳಲ್ಲಿ ಉಳಿದ ಭಾಗ ಹೊಂದಿದರೆ, ಒಂದರ ಅಳಿವನ್ನು ಇನ್ನೊಂದರಿಂದ ತುಂಬಬಹುದು. ಹೊಂದದ ಕಡೆ ಬಲವಂತ ಮಾಡಬಾರದು. ಬ್ರಹ್ಮಗಿರಿಯ ಪ್ರತಿಯ ಮೊದಲಲ್ಲಿ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಒಕ್ಕಣೆಯುಂಟು, ಮಸ್ಕಿಯದರಲ್ಲಿ ಅದಿಲ್ಲ. ಅದನ್ನು ತಂದು ಇದಕ್ಕೆ ಅಂಟಿಸುವ ಹಕ್ಕು ಯಾವ ಪಂಡಿತನಿಗೂ ಇಲ್ಲ.

ಹತ್ತಿರ ಹತ್ತಿರದವು ಹೊಂದಿಯೂ ಒಟ್ಟು ಹೊಂದದೆ ಹೋಗುವುದೂ ಉಂಟು. ಭೂಮಿಯ ಮೇಲೆ ಪೂರ್ವಕ್ಕೆ ಒಂದು ಡಿಗ್ರಿ ಹೋದರೆ ಸೂರ್ಯನ ವೇಳೆ ನಾಲ್ಕು ನಿಮಿಷ ಮುಂದಾಗುತ್ತದೆ. ಯಾವ ಎರಡು ನೆರೆಯೂರುಗಳಿಗೂ ಇದರಿಂದ ಜಗಳವಿಲ್ಲ. ಆದರೆ ೩೬೦ ಡಿಗ್ರಿ ಸುತ್ತಿ ಬಂದರೆ ೧,೪೪೦ ನಿಮಿಷ, ಅಂದರೆ ಒಂದು ಇಡೀ ದಿನವೇ ಹೆಚ್ಚಿರುತ್ತದೆ. ಮೆಗಲನ್ನನ ಸಂಗಡಿಗರು ಪಶ್ಚಿಮಾಭಿಮುಖವಾಗಿ ಜಗತ್ತನ್ನು ಸುತ್ತಿ ೧೫೨೨ರಲ್ಲಿ ಕೇಪ್ ವರ್ಡೆ ದ್ವೀಪಗಳಿಗೆ ಬಂದಾಗ, ಹಡಗಿನ ದಿನಚರಿಯಲ್ಲಿ ಬುಧವಾರ, ದಡದಲ್ಲಿ ಗುರುವಾರ! ಲೆಕ್ಕದಲ್ಲಿ ಯಾರೂ ತಪ್ಪಿರಲಿಲ್ಲ. ಭೂಮಿಯ ದುಂಡುತನವೇ ಆ ಒಂದು ದಿನದ ಶೇಷವಾಗಿ ತೋರಿತ್ತು.

ಇಂಥ ಶೇಷವನ್ನು ಅಳೆದು ಆಕಾರದ ಗುಟ್ಟನ್ನು ತಿಳಿಯುವುದು ಗಣಿತಜ್ಞರ ಉಪಾಯ. ಅಲೆಕ್ಸಾಂಡರ್ ಗ್ರೋಥೆಂಡೀಕ್ (೧೯೨೮–೨೦೧೪) ಈ ಉಪಾಯವನ್ನು ಕಣ್ಣಿಗೆ ಕಾಣುವ ಆಕಾರಗಳಿಂದ ಸಮೀಕರಣಗಳ ಲೋಕಕ್ಕೆ ಕೊಂಡೊಯ್ದರು. ಅಲ್ಲಿ ಸಾಮಾನ್ಯ ಅರ್ಥದ ಸ್ಥಳವೇ ಸಾಲದಾಯಿತು. ಅದಕ್ಕಾಗಿ ೧೯೬೦ರ ಸುಮಾರಿನಲ್ಲಿ ಅವರೂ ಅವರ ಸಂಗಡಿಗರೂ ಪ್ಯಾರಿಸಿನ ಬಳಿ ಟೋಪೋಸನ್ನು ರೂಪಿಸಿದರು. ಆಂದ್ರೆ ವೇಯ್ ೧೯೪೯ರಲ್ಲಿ ಮುಂದಿಟ್ಟಿದ್ದ ಊಹೆಗಳು, ಸಮೀಕರಣಗಳಿಗೆ ಎಷ್ಟು ಉತ್ತರಗಳಿವೆ ಎಂದು ಎಣಿಸುವ ಊಹೆಗಳು, ಈ ದಾರಿಯಲ್ಲಿಯೇ ಸಿದ್ಧವಾದವು. ಕೊನೆಯದನ್ನು ಗ್ರೋಥೆಂಡೀಕರ ಶಿಷ್ಯ ಡೆಲೀನ್ ಸಾಧಿಸಿ, ೧೯೭೪ರಲ್ಲಿ ಪ್ರಕಟಿಸಿದರು.

ಇದು ಜ್ಯಾಮಿತಿಯ ಕಥೆ. ತರ್ಕದ ಕಥೆ ೧೯೬೯–೭೦ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಇದನ್ನು ಬಂದು ಕೂಡಿತು. ಲಾವೇರ್, ಟಿಯರ್ನಿ ಎಂಬ ಇಬ್ಬರು ಟೋಪೋಸಿನ ಸಾರವನ್ನು ಕೆಲವೇ ಸೂತ್ರಗಳಿಗೆ ಇಳಿಸಿದರು. ಆಗ ಅದರೊಳಗಿನ ತರ್ಕ ಬ್ರೌವರ್-ಹೇಟಿಂಗರ ತರ್ಕವೇ ಎಂಬುದು ಬೆಳಕಿಗೆ ಬಂತು. ಎಣಿಕೆಯ ಸಂಖ್ಯೆಗಳ ಅನಂತಕ್ಕೂ ಗೆರೆಯ ಬಿಂದುಗಳ ಅನಂತಕ್ಕೂ ನಡುವೆ ಇನ್ನೊಂದು ಅನಂತವುಂಟೆ ಎಂಬ ಹಳೆಯ ಪ್ರಶ್ನೆ ಇದೆಯಷ್ಟೆ. ಗಣಗಳ ವಾಡಿಕೆಯ ಸೂತ್ರಗಳಿಂದ ಅದು ತೀರ್ಮಾನವಾಗದೆಂದು ಪಾಲ್ ಕೋಹೆನ್ ೧೯೬೩ರಲ್ಲಿ ತೋರಿಸಿದ್ದರು. ಆ ಸಾಧನೆಯನ್ನೂ ಟೋಪೋಸಿನ ಭಾಷೆಯಲ್ಲಿ ಹೇಳಲು ಸಾಧ್ಯವಾಯಿತು.

ಕಂಪ್ಯೂಟರಿಗೂ ಇದಕ್ಕೂ ಏನು ಸಂಬಂಧ? 'ಹೂತಿಟ್ಟ ಹಣ ಇಲ್ಲವೆಂದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಮನೆಯಲ್ಲಿ ಎಲ್ಲೋ ಇದೆ' ಎಂಬುದು ಒಂದು ಬಗೆಯ ಸಾಧನೆ. 'ಇಂಥ ಕೋಣೆಯ ಇಂಥ ಮೂಲೆಯಲ್ಲಿದೆ' ಎಂಬುದು ಇನ್ನೊಂದು ಬಗೆ. ಹೊಸ ತರ್ಕಕ್ಕೆ ಬೇಕಾದದ್ದು ಎರಡನೆಯದು. ಯಂತ್ರಕ್ಕೆ ಬೇಕಾದದ್ದೂ ಅದೇ. ಅಲ್ಲಿ ಸಾಧನೆಯೆಂದರೆ ಮಾಡಿ ಮುಗಿಸಬಹುದಾದ ಒಂದು ವಿಧಾನ. ೧೯೮೨ರಲ್ಲಿ ಮಾರ್ಟಿನ್ ಹೈಲೆಂಡ್ ಎಂಬವರು ಒಂದು ಟೋಪೋಸನ್ನು ವರ್ಣಿಸಿದರು. ಎಣಿಕೆಯ ಸಂಖ್ಯೆಯಿಂದ ಎಣಿಕೆಯ ಸಂಖ್ಯೆಗೆ ಅದರೊಳಗಿರುವ ನಿಯಮವೆಲ್ಲ ಕಂಪ್ಯೂಟರ್ ಮಾಡಬಲ್ಲ ಲೆಕ್ಕವೇ. ಗಣಿತದ ಸಾಧನೆಗಳನ್ನು ಸಾಲುಸಾಲಾಗಿ ಪರೀಕ್ಷಿಸುವ ಮೊದಲು ಕಾಕ್ ಎಂಬ ಹೆಸರಿದ್ದ ಕಂಪ್ಯೂಟರ್ ವ್ಯವಸ್ಥೆಯೂ ಇದೇ ತರ್ಕದ ಬಳಗದ್ದು. ಯಾವ ಭೂಪಟಕ್ಕಾದರೂ ನಾಲ್ಕು ಬಣ್ಣ ಸಾಕೆಂಬ ಪ್ರಮೇಯವನ್ನು ಜಾರ್ಜ್ ಗೊಂತಿಯೆ ೨೦೦೫ರಲ್ಲಿ ಅದರಿಂದಲೇ ಪರೀಕ್ಷೆ ಮಾಡಿಸಿದರು.

ಇಷ್ಟು ಕೇಳಿದವರು 'ಹಾಗಾದರೆ ಅವರವರ ನಿಜ ಅವರವರಿಗೆ' ಎಂದುಕೊಂಡಾರು. ಹಾಗಲ್ಲ. ಎಣಿಕೆಯ ಸಂಖ್ಯೆಗಳಿರುವ ಯಾವ ಟೋಪೋಸಿನಲ್ಲಿಯೂ ಎರಡೂ ಎರಡೂ ನಾಲ್ಕೇ. ನೆಲೆ ಬದಲಾದರೆ ಆಧಾರದ ಹೊಣೆ ತಪ್ಪುವುದಿಲ್ಲ, ಮತ್ತಷ್ಟು ಬಿಗಿಯಾಗುತ್ತದೆ. ನಮ್ಮ ಜೈನಾಚಾರ್ಯರ ಸ್ಯಾದ್ವಾದದಲ್ಲಿ 'ಸ್ಯಾತ್' ಎಂದರೆ 'ಇದ್ದರೂ ಇರಬಹುದು' ಎಂಬ ಸಂಶಯವಲ್ಲ. 'ಒಂದು ದೃಷ್ಟಿಯಿಂದ' ಎಂಬ ನಿಶ್ಚಯ. ಅವರು ಟೋಪೋಸನ್ನು ಕಂಡಿದ್ದರೆಂದರೆ ಅತಿಯಾದೀತು. ಎರಡರ ಹುಟ್ಟೂ ಗುರಿಯೂ ಬೇರೆ. ಆದರೆ ಯಾವ ನೆಲೆಯಲ್ಲಿ ನಿಂತು ಹೇಳುತ್ತಿದ್ದೇನೆಂಬುದನ್ನು ಮಾತಿನೊಳಗೇ ಹೇಳಬೇಕೆಂಬ ಶಿಸ್ತು ಇಲ್ಲಿ ಎಂದೂ ಅಪರಿಚಿತವಾಗಿರಲಿಲ್ಲ.

ಇಂದು ಕೈಯಲ್ಲಿರುವ ಫೋನಿಗೆ ಗಳಿಗೆಗೊಂದು ಸುದ್ದಿ ಬರುತ್ತದೆ. ಹೌದೋ ಅಲ್ಲವೋ ಆ ಕ್ಷಣವೇ ಹೇಳೆಂದು ಅವಸರಪಡಿಸುತ್ತದೆ. ತರಗತಿಯ ಮಕ್ಕಳಿಗೂ ಆ ಅವಸರ ಅಂಟಿದೆ. 'ಇನ್ನೂ ಸಿದ್ಧವಾಗಿಲ್ಲ' ಎಂದು ಹೇಳುವವನನ್ನು ದಡ್ಡನೆಂದು ನಗುವವರಿದ್ದಾರೆ. ಆ ಮಾತಿಗೂ ಗಣಿತದಲ್ಲಿ ಗೌರವದ ಸ್ಥಾನವಿದೆ ಎಂದು ಮಕ್ಕಳು ತಿಳಿಯಲಿ. ತನ್ನ ತುಣುಕನ್ನು ನೆರೆಯವನ ತುಣುಕಿನೊಡನೆ ಹೊಂದಿಸಿ ನೋಡುವುದನ್ನೂ, ಹೊಂದದಾಗ ಏಕೆಂದು ಕೇಳುವುದನ್ನೂ ಕಲಿಯಲಿ. ಸಿವುಡು ಕಟ್ಟುವ ಮುಂಚೆ ತೆನೆ ನೋಡುವುದು ರೈತನಿಗೆ ಗೊತ್ತು; ಓದಿದವರೂ ಅದನ್ನು ಮರೆಯಬಾರದು.