ಆಲಿಕಲ್ಲು ಯಾರ ತಲೆಯ ಮೇಲೆ?

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಸಲದ ಸಭೆಯಲ್ಲಿ ನಾನು ಆಲಿಕಲ್ಲು ಮಳೆಯ ಬಗ್ಗೆ ಮಾತಾಡುತ್ತೇನೆಂದು ಕೇಳಿ ಕೆಲವು ಮಿತ್ರರು ನಕ್ಕರು. "ಪಗಾರ, ಬೋನಸ್ಸು, ವಾರದ ರಜೆ, ಇವೆಲ್ಲ ಬಿಟ್ಟು ಆಕಾಶಕ್ಕೆ ಯಾಕೆ ಹಾರಿದಿರಿ ಮಾರಾಯರೆ?" ಎಂದು ಒಬ್ಬರು ಕೇಳಿಯೇಬಿಟ್ಟರು. ನಾನು ಓದಿದ್ದು ಏಳನೇ ಇಯತ್ತೆ. ಉಳಿದದ್ದೆಲ್ಲ ಹೋಟೆಲಿನ ಬಾಗಿಲು ಹಾಕಿದ ಮೇಲೆ ವಾಚನಾಲಯದಲ್ಲಿ ಕುಳಿತು ಸಂಪಾದಿಸಿದ್ದು. ಆದ್ದರಿಂದ ಪಂಡಿತನ ಹಾಗೆ ಮಾತಾಡಲು ನನ್ನಿಂದಾಗದು. ಓದುತ್ತಾ ಹೋದಂತೆ ನನಗೆ ತಿಳಿದದ್ದು ಇಷ್ಟೆ: ಆಲಿಕಲ್ಲು ಬೀಳುವುದು ಆಕಾಶದಿಂದ, ಆದರೆ ಅದರ ಕಥೆ ನಡೆಯುವುದು ಭೂಮಿಯ ಮೇಲೆ. ಆ ಕಥೆ ನಮಗೆ ಸಂಬಂಧಪಟ್ಟದ್ದು.

ಘಟ್ಟದ ಕೆಳಗಿನಿಂದ ಬಂದ ನಮ್ಮಂಥವರಿಗೆ ಆಲಿಕಲ್ಲು ಅಪರೂಪದ ವಸ್ತು. ಅಂಗಳದಲ್ಲಿ ನಾಲ್ಕು ಬಿದ್ದರೆ ಮಕ್ಕಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಬೀದರ, ಕಲಬುರ್ಗಿ, ವಿಜಾಪುರದ ಕಡೆಯ ಬಂಧುಗಳು ಇಲ್ಲಿ ಕುಳಿತಿದ್ದಾರೆ. ಅವರ ಬಾಯಲ್ಲಿ ಅದು ಆಣೆಕಲ್ಲು. ಆ ಹೆಸರು ಕೇಳಿದರೆ ಅವರು ನಗುವುದಿಲ್ಲ.

ಮೊದಲು ಇದು ಹೇಗೆ ಆಗುತ್ತದೆಂದು ನೋಡೋಣ. ಬೇಸಗೆಯಲ್ಲಿ ನೆಲ ಕಾದು, ನೀರಾವಿ ತುಂಬಿದ ಬಿಸಿಗಾಳಿ ಮೇಲಕ್ಕೇರುತ್ತದೆ, ಬಾಯ್ಲರಿನ ಮುಚ್ಚಳ ತೆಗೆದಾಗ ಹಬೆ ಏಳುವಂತೆ. ಎತ್ತರದಲ್ಲಿ ತಣ್ಣನೆಯ ಗಾಳಿ ಇದ್ದರೆ ಈ ಏರುವ ಗಾಳಿಗೆ ಇನ್ನೂ ಬಲ ಬಂದು ದೊಡ್ಡ ಗುಡುಗಿನ ಮೋಡ ಕಟ್ಟುತ್ತದೆ. ಆ ಮೋಡದೊಳಗೆ ನೀರಿನ ಹನಿಗಳು ಶೂನ್ಯ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ತೇಲುತ್ತಿರುತ್ತವೆ. ಒಂದು ಸಣ್ಣ ಮಂಜಿನ ಹರಳಿಗೆ ತಾಗಿದ ಕೂಡಲೆ ಅವು ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ಬೋಂಡಾವನ್ನು ಹಿಟ್ಟಿನಲ್ಲಿ ಮತ್ತೆ ಮತ್ತೆ ಅದ್ದಿದರೆ ಪದರದ ಮೇಲೆ ಪದರ ಕೂರುತ್ತದಲ್ಲ, ಹಾಗೆಯೇ ಈ ಹರಳೂ ಬೆಳೆಯುತ್ತದೆ. ಕೆಳಗಿನಿಂದ ಏರುವ ಗಾಳಿ ಎಷ್ಟು ಹೊತ್ತು ಅದನ್ನು ಎತ್ತಿಹಿಡಿಯುತ್ತದೆಯೋ ಅಷ್ಟು ಹೊತ್ತು ಅದು ದಪ್ಪವಾಗುತ್ತದೆ. ಗಾಳಿಗೆ ಭಾರ ತಡೆಯದಾದಾಗ ಕಲ್ಲು ಬೀಳುತ್ತದೆ. ತೀರ ದೊಡ್ಡವು ಗಂಟೆಗೆ ೧೬೦ ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಬೀಳಬಲ್ಲವು.

ಅಮೆರಿಕದ ದಕ್ಷಿಣ ಡಕೋಟಾ ಸಂಸ್ಥಾನದ ವಿವಿಯನ್ ಎಂಬ ಚಿಕ್ಕ ಊರಿನಲ್ಲಿ ೨೦೧೦ರ ಜುಲೈ ೨೩ರಂದು ಬಿದ್ದ ಒಂದು ಕಲ್ಲಿನ ಅಡ್ಡಳತೆ ೨೦ ಸೆಂಟಿಮೀಟರು. ತೆಂಗಿನಕಾಯಿಯ ಗಾತ್ರ ಅನ್ನಿ. ತೂಕ ಮುಕ್ಕಾಲು ಕಿಲೋಗಿಂತ ಹೆಚ್ಚು. ತೂಕದಲ್ಲಿ ಅದನ್ನೂ ಮೀರಿಸಿದ್ದು ನಮ್ಮ ನೆರೆಯ ಬಾಂಗ್ಲಾದೇಶದ ಗೋಪಾಲಗಂಜದಲ್ಲಿ ೧೯೮೬ರ ಏಪ್ರಿಲ್ ೧೪ರಂದು ಬಿದ್ದ ಕಲ್ಲು. ಅದು ೧.೦೨ ಕಿಲೋ ತೂಗಿತು. ವಿವಿಯನ್ನಿನ ಕಲ್ಲನ್ನು ಜನರು ಹೆಕ್ಕಿ, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಅಳೆದು, ದಾಖಲೆ ಮಾಡಿದರು. ಗೋಪಾಲಗಂಜದ ಬಿರುಗಾಳಿಯಲ್ಲಿ ೯೨ ಮಂದಿ ಪ್ರಾಣ ಕಳಕೊಂಡರು. ಎರಡೂ ಕಡೆ ಬಿದ್ದದ್ದು ಒಂದೇ ಬಗೆಯ ಮಂಜಿನ ಗಡ್ಡೆ. ವ್ಯತ್ಯಾಸ ಎಲ್ಲಿ ಬಂತು? ಇದನ್ನು ಸ್ವಲ್ಪ ವಿಚಾರಿಸೋಣ.

ಲೋಕದಲ್ಲಿ ಆಲಿಕಲ್ಲಿನಿಂದ ಅತಿ ಹೆಚ್ಚು ಜನ ಸತ್ತದ್ದು ಎಲ್ಲಿ ಎಂಬುದನ್ನು ವಿಶ್ವ ಹವಾಮಾನ ಸಂಸ್ಥೆ ದಾಖಲಿಸಿದೆ. ಅದು ನಮ್ಮ ದೇಶದಲ್ಲೇ. ೧೮೮೮ರ ಏಪ್ರಿಲ್ ೩೦ರಂದು ಉತ್ತರ ಪ್ರದೇಶದ ಮುರಾದಾಬಾದಿನ ಸುತ್ತಮುತ್ತ ೨೪೬ ಜನ ಸತ್ತರು. ಕಲ್ಲುಗಳು ಕಿತ್ತಳೆಯಷ್ಟು, ಕ್ರಿಕೆಟ್ ಚೆಂಡಿನಷ್ಟು ಇದ್ದವಂತೆ. ಅತ್ಯಂತ ಘೋರವಾಗಿ ಹೊಡೆದದ್ದು ಊರಿನ ಸುತ್ತಲಿನ ಆರೇಳು ಮೈಲಿಯಷ್ಟು ಜಾಗದಲ್ಲಿ ಮಾತ್ರ. ಕುರಿ, ಆಡು, ದನಗಳು ಸಾವಿರಕ್ಕೂ ಮಿಕ್ಕಿ ಸತ್ತವು. ಹೊಳೆಯ ದಡದಲ್ಲಿ ಹೋಗುತ್ತಿದ್ದ ಮದುವೆ ದಿಬ್ಬಣಗಳು ಅಲ್ಲಿಗಲ್ಲಿಗೆ ಮುಗಿದುಹೋದವು. ಗಾಳಿಗೆ ಬಿದ್ದವರು ಏಳಲಾರದೆ ಚಳಿಯಲ್ಲಿ ಮಡಿದರು, ಬಯಲಿನಲ್ಲಿ ಸಿಕ್ಕಿದವರು ಪೆಟ್ಟಿಗೆ ಮಡಿದರು. ಆ ಕಾಲದ ವರದಿಯಲ್ಲಿ ಇನ್ನೊಂದು ಮಾತಿದೆ: ಸತ್ತವರಲ್ಲಿ ಯುರೋಪಿಯನ್ನರು ಯಾರೂ ಇರಲಿಲ್ಲ.

ಬಂಧುಗಳೇ, ಆಲಿಕಲ್ಲಿಗೆ ಬಿಳಿಯ ಚರ್ಮ ಕಪ್ಪು ಚರ್ಮ ಎಂಬ ಭೇದ ಗೊತ್ತಿಲ್ಲ. ಬಂಗಲೆಗಳ ಕಿಟಕಿ ಗಾಜುಗಳೂ ಅಂದು ಒಡೆದವು, ಜಗಲಿಯ ಮಾಡುಗಳೂ ಹಾರಿದವು. ಆದರೆ ಒಳಗಿದ್ದವರಿಗೆ ಗೋಡೆಯಿತ್ತು. ಹೊಲದಲ್ಲಿ, ದಾರಿಯಲ್ಲಿ ಇದ್ದವನಿಗೆ ತಲೆಯ ಮೇಲೆ ಮುಂಡಾಸು ಮಾತ್ರ ಇತ್ತು.

ಇದರ ಎದುರಿಗೆ ಜರ್ಮನಿಯ ಮ್ಯೂನಿಕ್ ನಗರವನ್ನು ಇಡೋಣ. ೧೯೮೪ರ ಜುಲೈ ೧೨ರ ಸಂಜೆ ಅಲ್ಲಿ ಆಲಿಕಲ್ಲು ಬಿತ್ತು. ಸುಮಾರು ೭೦,೦೦೦ ಕಟ್ಟಡಗಳಿಗೂ ಎರಡು ಲಕ್ಷ ಮೋಟಾರು ಗಾಡಿಗಳಿಗೂ ಪೆಟ್ಟು ತಗಲಿತು. ಸುಮಾರು ೪೦೦ ಜನ ಗಾಯಗೊಂಡರು. ಮುರಾದಾಬಾದಿನಂತೆ ನೂರಾರು ಹೆಣ ಬೀಳಲಿಲ್ಲ. ನಷ್ಟ ಸುಮಾರು ೩೦೦ ಕೋಟಿ ಮಾರ್ಕು. ಅದರಲ್ಲಿ ಅರ್ಧದಷ್ಟನ್ನು ವಿಮಾ ಕಂಪನಿಗಳು ತುಂಬಿದವು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ೧೯೯೯ರ ಏಪ್ರಿಲ್ ೧೪ರಂದು ಬಿದ್ದ ಆಲಿಕಲ್ಲಿಗೂ ವಿಮಾ ಕಂಪನಿಗಳು ೧೭೦ ಕೋಟಿ ಡಾಲರು ಕೊಡಬೇಕಾಯಿತು. ಅಂದರೆ ಒಂದು ಕಡೆ ಕಲ್ಲಿನ ಲೆಕ್ಕವನ್ನು ಗಾಡಿಗಳಲ್ಲಿ ಬರೆಯುತ್ತಾರೆ, ಇನ್ನೊಂದು ಕಡೆ ತಲೆಗಳಲ್ಲಿ ಬರೆಯುತ್ತಾರೆ.

ತಲೆಗೆ ಬಿದ್ದ ಕಲ್ಲಿನ ಕಥೆ ಇದಾಯಿತು. ಇನ್ನು ಪೈರಿಗೆ ಬಿದ್ದ ಕಲ್ಲು. ಇದು ಪಟ್ಟಣದ ಕೂಲಿಕಾರನ ತಟ್ಟೆಯವರೆಗೆ ಬರುತ್ತದೆ. ಫ್ರಾನ್ಸ್ ದೇಶದಲ್ಲಿ ೧೭೮೮ರ ಜುಲೈ ೧೩ರಂದು, ಗೋಧಿಯ ಕೊಯ್ಲು ಇನ್ನೇನು ಬಂತು ಎನ್ನುವಾಗ, ನೈಋತ್ಯದಿಂದ ಈಶಾನ್ಯಕ್ಕೆ ದೇಶವನ್ನೇ ಹಾಯ್ದು ಆಲಿಕಲ್ಲಿನ ಬಿರುಗಾಳಿ ನುಗ್ಗಿತು. ಎರಡು ಉದ್ದನೆಯ ಪಟ್ಟಿಗಳಲ್ಲಿ ಅದು ಹೊಡೆದುಕೊಂಡು ಹೋಯಿತು. ನಡುವಿನ ಪಟ್ಟಿಯಲ್ಲಿ ಬರೇ ಮಳೆ. ಸಾವಿರಕ್ಕೂ ಹೆಚ್ಚು ಗ್ರಾಮಗಳ ಬೆಳೆ ನೆಲಸಮವಾಯಿತು. ಆ ವರ್ಷ ಮೊದಲೇ ಬರಗಾಲದ ಲಕ್ಷಣವಿತ್ತು, ಮೇಲೆ ಭೀಕರ ಚಳಿಗಾಲ ಬಂತು, ರಾಜನ ಬೊಕ್ಕಸ ಬರಿದಾಗಿತ್ತು. ಪ್ಯಾರಿಸಿನಲ್ಲಿ ನಾಲ್ಕು ಪೌಂಡಿನ ರೊಟ್ಟಿಯ ಬೆಲೆ ೧೭೮೭ರಲ್ಲಿ ಸುಮಾರು ೮ ಸೂ ಇದ್ದದ್ದು ೧೭೮೯ರ ಫೆಬ್ರವರಿಗೆ ಹದಿನಾಲ್ಕೂವರೆ ಸೂ ಆಯಿತು. ದಿನವಿಡೀ ದುಡಿದವನ ಕೂಲಿಯ ಬಹುಪಾಲು ರೊಟ್ಟಿಗೇ ಹೋಯಿತು. ಆಲಿಕಲ್ಲು ಬಿದ್ದು ಒಂದು ವರ್ಷ ಒಂದು ದಿನ ಆದಾಗ, ೧೭೮೯ರ ಜುಲೈ ೧೪ರಂದು, ಪ್ಯಾರಿಸಿನ ಜನ ಬಾಸ್ಟಿಲ್ ಸೆರೆಮನೆಯನ್ನು ಹಿಡಿದರು. ಆಲಿಕಲ್ಲೇ ಕ್ರಾಂತಿ ಮಾಡಿತೆಂದು ನಾನು ಹೇಳುವುದಿಲ್ಲ. ಕ್ರಾಂತಿಗೆ ನೂರು ಕಾರಣಗಳಿದ್ದವು. ಆದರೆ ಹಸಿದವನ ಮೇಲೆ ಬಿದ್ದ ಪೆಟ್ಟು ಬೇರೆ, ಉಂಡವನ ಮೇಲೆ ಬಿದ್ದ ಪೆಟ್ಟು ಬೇರೆ ಎಂಬುದನ್ನು ರಾಜರೂ ಅಂದು ತಿಳಿದರು.

ಹಾಗಾದರೆ ಇದಕ್ಕೆ ಮದ್ದೇನು? ಮನುಷ್ಯ ಸುಮ್ಮನೆ ಕೂರಲಿಲ್ಲ. ಆಸ್ಟ್ರಿಯಾದಲ್ಲಿ ೧೮೯೬ರಲ್ಲಿ ಸ್ಟೀಗರ್ ಎಂಬ ದ್ರಾಕ್ಷಿ ಬೆಳೆಗಾರನೊಬ್ಬ ಮೋಡಕ್ಕೆ ತೋಪು ಹಾರಿಸಲು ಶುರುಮಾಡಿದ. ಒಂದೆರಡು ವರ್ಷ ಅವನ ತೋಟಕ್ಕೆ ಕಲ್ಲು ಬೀಳಲಿಲ್ಲ. ಅಷ್ಟೇ ಸಾಕಾಯಿತು. ೧೯೦೦ರ ಹೊತ್ತಿಗೆ ಇಟಲಿಯಲ್ಲಿ ಸುಮಾರು ೧೦,೦೦೦ ತೋಪುಗಳು ಆಕಾಶಕ್ಕೆ ಗುರಿಯಿಟ್ಟು ನಿಂತವು. ಸರಕಾರಗಳು ಎರಡು ವರ್ಷ ಪರೀಕ್ಷೆ ಮಾಡಿಸಿದವು. ತೋಪು ಹಾರಿಸಿದಲ್ಲಿಯೂ ಕಲ್ಲು ಬಿತ್ತು. ಅಲ್ಲಿಗೆ ಆ ಹುಚ್ಚು ಇಳಿಯಿತು. ಇಂದಿಗೂ ಕೆಲವು ಕಡೆ ಇಂಥ ಯಂತ್ರ ಮಾರುವವರಿದ್ದಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ.

ಆದರೆ ತೋಪಿಗಿಂತ ನೂರು ವರ್ಷ ಹಿಂದೆಯೇ ಬೇರೆ ರೈತರು ಬೇರೊಂದು ದಾರಿ ಹಿಡಿದಿದ್ದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಆಲಿಕಲ್ಲಿನ ಸ್ವಭಾವ ನೋಡಿ: ಅದು ಊರಿಡೀ ಬೀಳುವುದಿಲ್ಲ, ಪಟ್ಟಿ ಹಿಡಿದು ಬೀಳುತ್ತದೆ. ನನ್ನ ಹೊಲ ಹೋಯಿತು, ಪಕ್ಕದವನದು ಉಳಿಯಿತು. ಮುಂದಿನ ವರ್ಷ ಅವನದು ಹೋದೀತು, ನನ್ನದು ಉಳಿದೀತು. ಯಾರ ಸರದಿ ಎಂದು ಯಾರಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ, ಹೋದವನಿಗೆ ಕೊಟ್ಟರೆ ಯಾರೂ ಮುಳುಗುವುದಿಲ್ಲ. ಜರ್ಮನಿಯ ಮೆಕ್ಲೆನ್‌ಬುರ್ಗ್ ಪ್ರಾಂತದಲ್ಲಿ ೧೭೯೭ರಲ್ಲಿ ಬೇಸಾಯಗಾರರು ಸೇರಿ ಹೀಗೆ ಒಂದು ಪರಸ್ಪರ ವಿಮಾ ಸಂಘ ಕಟ್ಟಿದರು. ಅದರಿಂದ ಬೆಳೆದ ಸಂಸ್ಥೆ ಇಂದಿಗೂ ಇದೆ. ಸ್ವಿಟ್ಜರ್‌ಲೆಂಡಿನ ರೈತರು ೧೮೮೦ರಲ್ಲಿ ಇಂಥದೇ ಸಹಕಾರಿ ಸಂಘ ಮಾಡಿಕೊಂಡರು. ಒಂದೇ ಕೋಣೆಯಲ್ಲಿ ಹತ್ತು ಮಂದಿ ಇದ್ದು, ಒಬ್ಬನಿಗೆ ಜ್ವರ ಬಂದರೆ ಒಂಬತ್ತು ಮಂದಿ ಚಂದಾ ಹಾಕುವ ನಮಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ೨೦೧೪ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದ ಮರಾಠವಾಡಾ, ವಿದರ್ಭಗಳಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಆಣೆಕಲ್ಲು ಬಿದ್ದು ಜೋಳ, ಗೋಧಿ, ದ್ರಾಕ್ಷಿ, ದಾಳಿಂಬೆಗಳು ಹಾಳಾದವು. ಮಾರನೆಯ ವರ್ಷ ಕೇಂದ್ರ ಸರಕಾರ ಪರಿಹಾರದ ನಿಯಮವನ್ನು ಸಡಿಲಿಸಿತು. ಮೊದಲು ಅರ್ಧ ಬೆಳೆ ಹೋದವನಿಗೆ ಮಾತ್ರ ಪರಿಹಾರವಿತ್ತು. ಈಗ ಶೇಕಡ ೩೩ ಹೋದರೂ ಉಂಟು. ೨೦೧೬ರಲ್ಲಿ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಬಂತು. ರೈತನ ಕಂತು ಮುಂಗಾರಿಗೆ ಶೇಕಡ ೨, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ ೫. ಆಲಿಕಲ್ಲಿನಿಂದ ಒಬ್ಬನ ಹೊಲ ಮಾತ್ರ ಹೋದರೂ ಆ ಹೊಲವನ್ನೇ ನೋಡಿ ಲೆಕ್ಕ ಹಾಕಬೇಕೆಂದು ಅದರಲ್ಲಿದೆ. ಆದರೆ ಹಾನಿಯಾದ ೭೨ ಗಂಟೆಯೊಳಗೆ ತಿಳಿಸಬೇಕು. ಮೂರು ದಿನ! ಹೊಲದ ಅವಸ್ಥೆ ನೋಡಿ ಅಳುತ್ತಾ ಕುಳಿತವನಿಗೆ ಮೂರು ದಿನ ಹೋದದ್ದೇ ತಿಳಿಯುವುದಿಲ್ಲ.

ಆದ್ದರಿಂದ ಊರಲ್ಲಿ ಹೊಲವಿರುವ ಸದಸ್ಯರಿಗೆ ನನ್ನ ಬಿನ್ನಹ. ಇಂದು ರಾತ್ರಿಯೇ ಮನೆಗೆ ಫೋನು ಮಾಡಿ ಕೇಳಿ: ಕಂತು ಕಟ್ಟಿದ್ದಾರೆಯೆ? ರಸೀದಿ ಎಲ್ಲಿದೆ? ಕಲ್ಲು ಬಿದ್ದರೆ ಯಾರಿಗೆ ತಿಳಿಸಬೇಕೆಂದು ಗೊತ್ತಿದೆಯೆ? ದ್ರಾಕ್ಷಿ, ದಾಳಿಂಬೆಯವರಿಗೆ ಹವಾಮಾನ ಆಧಾರಿತ ವಿಮೆ ಬೇರೆ ಇದೆ. ಅದರಲ್ಲಿ ಆಲಿಕಲ್ಲನ್ನು ಸೇರಿಸಿದ್ದಾರೋ ಇಲ್ಲವೋ ಎಂದು ಕೇಳಿಕೊಳ್ಳಿ. ಗೇಣಿಗೆ ಮಾಡುವವರು ಕರಾರು ಪತ್ರ ಬರೆಸಿಕೊಳ್ಳಲಿ. ಕಾಗದವಿಲ್ಲದವನ ಬೆವರಿಗೆ ಕಚೇರಿಯಲ್ಲಿ ಬೆಲೆ ಇಲ್ಲ.

ಇಷ್ಟಾದರೂ ಒಬ್ಬನು ಹೊರಗೇ ಉಳಿಯುತ್ತಾನೆ. ದ್ರಾಕ್ಷಿ ಕೊಯ್ಯಲು ಹೋಗುವ ಕೂಲಿಯವನು. ತೋಟ ಹೋದರೆ ತೋಟದವನಿಗೆ ವಿಮೆ ಬಂದೀತು; ಕೂಲಿಯವನಿಗೆ ಹೋದ ದಿನಗೂಲಿಯನ್ನು ಯಾವ ಯೋಜನೆಯೂ ಬೆಳೆ ವಿಮೆಯಿಂದ ಕೊಡುವುದಿಲ್ಲ. ಅವನೇ ಮೂಟೆ ಕಟ್ಟಿಕೊಂಡು ಈ ನಗರಕ್ಕೆ ಬಂದು ನಾಕಾದಲ್ಲಿ ನಿಲ್ಲುತ್ತಾನೆ, ನಮ್ಮ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಅಂಥವನು ಬಂದಾಗ "ಹೊಸಬ, ಕಡಿಮೆ ಪಗಾರಕ್ಕೆ ಬಂದ" ಎಂದು ಮುಖ ತಿರುಗಿಸಬೇಡಿ. ಸಂಘಕ್ಕೆ ಕರೆತನ್ನಿ. ಕಡಿಮೆ ಪಗಾರಕ್ಕೆ ಅವನನ್ನು ಕೊಡುವ ಧಣಿಗೆ ಆಗ ಅವನೊಬ್ಬನೇ ಸಿಗುವುದಿಲ್ಲ, ನಾವೆಲ್ಲರೂ ಸಿಗುತ್ತೇವೆ.

ಕಲ್ಲನ್ನು ತಡೆಯಲು ನಮ್ಮಿಂದಾಗದು. ಇಂದು ಹವಾಮಾನ ಇಲಾಖೆ ರಾಡಾರ್ ನೋಡಿ ಎರಡು ಮೂರು ಗಂಟೆ ಮುಂಚಿತವಾಗಿ ಗುಡುಗು, ಆಲಿಕಲ್ಲಿನ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ಬಯಲಿನಲ್ಲಿ ದುಡಿಯುವವನಿಗೆ ಮುಟ್ಟಬೇಕು. ಮುಟ್ಟಿದ ಮೇಲೆ ಕೆಲಸ ಬಿಟ್ಟು ಸೂರಿನ ಕೆಳಗೆ ಹೋಗಲು ಮೇಸ್ತ್ರಿ ಬಿಡಬೇಕು. ಹೋದ ಆ ಗಂಟೆಯ ಕೂಲಿ ಕಡಿಯಬಾರದು. ಸೂರು, ಎಚ್ಚರಿಕೆ, ಪರಸ್ಪರ ನೆರವು ಈ ಮೂರೂ ಆಕಾಶದಿಂದ ಬೀಳುವುದಿಲ್ಲ. ನಾವು ಕೇಳಿ ಪಡೆಯಬೇಕು, ಇಲ್ಲವೇ ಕೂಡಿ ಕಟ್ಟಬೇಕು.