ಬೂದಿ ಬಳಿದಂಥ ಮೈ

ಚಳಿಗೆ ಮೊಣಕೈ, ಮೊಣಕಾಲುಗಳ ಚರ್ಮ ಒಣಗಿ ಬೂದುಬಣ್ಣಕ್ಕೆ ತಿರುಗಿದರೆ ಅಮೆರಿಕದ ಕಪ್ಪು ಜನರು ಅದನ್ನು 'ಆ್ಯಶಿ' ಎನ್ನುತ್ತಾರೆ. ಬೂದಿ ಎಂಬರ್ಥದ 'ಆ್ಯಶ್' ಇದರ ಮೂಲ. ಪದ ಹಳೆಯದೇ. ಹದಿನಾಲ್ಕನೇ ಶತಮಾನದ ಚಾಸರ್ ಇದನ್ನು ಶೋಕದಲ್ಲಿರುವವನ ಬೂದಿ ಮೆತ್ತಿದ ಕೂದಲಿಗೆ ಬಳಸಿದ. ಶೇಕ್ಸ್‌ಪಿಯರ್ ಸತ್ತವನ ಬಿಳಿಚಿದ ಮುಖಕ್ಕೆ ಬಳಸಿದ. ಸಾವಿನ ಮನೆಯ ಈ ಪದವನ್ನು ಕಪ್ಪು ಸಮುದಾಯ ಬಚ್ಚಲುಮನೆಗೆ ತಂದಿತು. ಮಿಂದ ಮಕ್ಕಳಿಗೆ ವ್ಯಾಸಲೀನ್ ಹಚ್ಚುವ ತಾಯಂದಿರ ಮಾತಾಗಿಸಿತು. ಆದರೆ ಅದೇ ಮಾತು ಶಾಲೆಯಲ್ಲಿ ಹಂಗಿಸುವುದಕ್ಕೂ ಬಳಕೆಯಾಯಿತು. ಹಾಗಿದ್ದ ಮೇಲೆ ಅದನ್ನು ಕೈಬಿಡುವುದೇ ಲೇಸಲ್ಲವೇ ಎಂದು ಕೇಳಬಹುದು. ಪದ ಏನನ್ನು ಹೆಸರಿಸುತ್ತದೆ ಎಂಬುದನ್ನು ಮೊದಲು ನೋಡೋಣ.

ಚರ್ಮದ ತೀರ ಹೊರಗಿನ ಪದರ ಸತ್ತ ಜೀವಕೋಶಗಳದು. ನೀರು, ಜಿಡ್ಡು ಕಡಿಮೆಯಾದಾಗ ಅವುಗಳ ಅಂಚು ಹೊಪ್ಪಳಿಕೆಯಂತೆ ಮೇಲೆದ್ದು ಸಂದಿಗಳಲ್ಲಿ ಗಾಳಿ ತುಂಬುತ್ತದೆ. ಬೆಳಕು ಅಲ್ಲಿ ಎಲ್ಲ ದಿಕ್ಕಿಗೂ ಚದುರಿ ಬೆಳ್ಳಗೆ ಕಾಣುತ್ತದೆ. ಬಣ್ಣ ಕೊಡುವ ಮೆಲನಿನ್‌ನಲ್ಲಿ ಏನೂ ಬದಲಾಗಿರುವುದಿಲ್ಲ. ಬಿಳಿಯರ ಚರ್ಮವೂ ಹೀಗೆಯೇ ಒಣಗುತ್ತದೆ; ಬಿಳಿಯ ಮೇಲೆ ಬಿಳಿ ಎದ್ದು ಕಾಣುವುದಿಲ್ಲ, ಅಷ್ಟೇ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಂದಿಗಳು ತುಂಬಿ ಆ ಕ್ಷಣವೇ ಮೈಬಣ್ಣ ಮರಳುತ್ತದೆ. ಬಣ್ಣದಲ್ಲೇ ದೋಷವಿದ್ದಿದ್ದರೆ ಎಣ್ಣೆಗೆ ಅದು ಹೋಗುತ್ತಿತ್ತೇ? ನಮ್ಮಲ್ಲೂ ಒಣಗಿ ಮಂಕಾದ ಮುಖವನ್ನು 'ಕಪ್ಪಾಗಿದೆ' ಎಂದು ತಿಳಿದು ಬೆಳ್ಳಗಾಗಿಸುವ ಕ್ರೀಮಿಗೆ ದುಡ್ಡು ಸುರಿಯುವವರಿದ್ದಾರೆ. ಬೇಕಾದದ್ದು ಜಿಡ್ಡು, ಕೊಂಡದ್ದು ಬಿಳುಪಿನ ಆಸೆ.

ಆದ್ದರಿಂದ ಬಿಡಬೇಕಾದದ್ದು ಹಂಗಿಸುವ ಚಾಳಿಯನ್ನೇ ಹೊರತು ಪದವನ್ನಲ್ಲ. ಇಂಥ ಪದದ ಅಗತ್ಯವೂ ಇದೆ: ವೈದ್ಯ ಪುಸ್ತಕಗಳು ಬಹುಕಾಲ ಚರ್ಮದ ತೊಂದರೆಗಳನ್ನು 'ಕೆಂಪಾಗುವುದು' ಎಂದೇ ವರ್ಣಿಸಿದವು; ಕಪ್ಪು ಮೈಯಲ್ಲಿ ಇಸುಬು ಬೂದಾಗಿ, ಕಂದಾಗಿ, ನೇರಳೆಯಾಗಿ ಕಾಣಬಹುದು. ಈ ಕೊರತೆ ತುಂಬಲೆಂದೇ 2020ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ವಿಶ್ವವಿದ್ಯಾಲಯದಿಂದ 'ಮೈಂಡ್ ದ ಗ್ಯಾಪ್' ಎಂಬ ಕೈಪಿಡಿ ಬಂತು. ಬೂದು ಎಂದರೆಲ್ಲ ಒಣಕಲೇ ಎನ್ನುವುದೂ ತಪ್ಪಾದೀತು: ರಕ್ತಹೀನತೆಯಿಂದ ಬಿಳಿಚಿದಾಗಲೂ ಕಪ್ಪು ಮುಖ ಬೂದಾಗಿಯೇ ಕಾಣುತ್ತದೆ. ಎಣ್ಣೆಗೆ ಹೋಗುವ ಬೂದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಎಣ್ಣೆಗೂ ಹೋಗದ ಬೂದನ್ನು ವೈದ್ಯರಿಗೆ ತೋರಿಸಬೇಕು. ಇಷ್ಟು ವಿವೇಚನೆಗೂ ಮೊದಲು ಅದನ್ನು ಸಂಕೋಚವಿಲ್ಲದೆ ಹೆಸರಿಟ್ಟು ಹೇಳಲು ಬರಬೇಕು.