ತಾಯಿಯದೂ ಜೀವವೇ

(ತಳಕಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಶೇಂಗಾ ಬೆಲೆ ಇವನ್ನೆಲ್ಲ ನಾವು ಸಭೆಯಲ್ಲಿ ಬಾಯಿಬಿಟ್ಟು ಮಾತಾಡುತ್ತೇವೆ. ಗರ್ಭಪಾತ ಅಂದ ಕೂಡಲೇ ತಲೆ ತಗ್ಗಿಸುತ್ತೇವೆ. ಇವತ್ತು ಅದನ್ನೇ ಮಾತಾಡೋಣ.

ಸವಿತಾ ಹಾಲಪ್ಪನವರ್ ನಮ್ಮ ಬೆಳಗಾವಿಯ ಹೆಣ್ಣುಮಗಳು, ಹಲ್ಲಿನ ಡಾಕ್ಟರು. ಗಂಡನ ಜೊತೆ ಐರ್ಲೆಂಡ್ ದೇಶದಲ್ಲಿದ್ದರು. 2012ರ ಅಕ್ಟೋಬರ್‌ನಲ್ಲಿ, 17 ವಾರದ ಬಸುರಿಯಾಗಿದ್ದಾಗ, ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂದು ಅಲ್ಲಿಯವರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಮಗುವಿನ ಎದೆಬಡಿತ ಇನ್ನೂ ಇದೆ, ಇಲ್ಲಿನ ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ಇದು ಕಥೋಲಿಕ ದೇಶ ಎಂದು ಹೆರಿಗೆ ನರ್ಸ್ ಒಬ್ಬರು ಹೇಳಿದ್ದೂ ಆಮೇಲೆ ವಿಚಾರಣೆಯಲ್ಲಿ ಹೊರಬಂತು. ನಂಜು ಏರುತ್ತಿದ್ದುದನ್ನು ಸರಿಯಾಗಿ ಗಮನಿಸಲಿಲ್ಲ ಎಂದು ತನಿಖೆಯೂ ಹೇಳಿತು. ಮಗು ಹೋಯಿತು. ಅಕ್ಟೋಬರ್ 28ರಂದು ತಾಯಿಯೂ ಹೋದರು. ವಯಸ್ಸು 31.

2018ರಲ್ಲಿ ಆ ದೇಶದ ಜನ ಮತ ಹಾಕಿ, ಗರ್ಭಪಾತಕ್ಕೆ ತಡೆಯಾಗಿದ್ದ ಸಂವಿಧಾನದ ವಿಧಿಯನ್ನೇ ತೆಗೆದುಹಾಕಿದರು.

ಕನ್ಯಾಸ್ತ್ರೀಯರಾದ ನಮಗೆ ಆ ನರ್ಸಮ್ಮನ ಮಾತು ಚುಚ್ಚಿತು. ಗರ್ಭ ಕಟ್ಟಿದ ಕ್ಷಣದಿಂದ ಅದು ದೇವರು ಕೊಟ್ಟ ಜೀವ, ಅದನ್ನು ಬೇಕೆಂದೇ ತೆಗೆಯಬಾರದು ಎಂದು ನಮ್ಮ ಧರ್ಮಸಭೆ ಬೋಧಿಸುತ್ತದೆ. ನಾವೂ ಹಾಗೇ ನಂಬಿದ್ದೇವೆ. ಆದರೆ ಸಾಯುವ ತಾಯಿಗೆ ಚಿಕಿತ್ಸೆ ಕೊಡಬೇಡಿ ಅಂತ ಆ ಬೋಧನೆ ಹೇಳುವುದಿಲ್ಲ. ಚಿಕಿತ್ಸೆಯಿಂದ ಮಗು ಉಳಿಯದೇ ಹೋಗಬಹುದು ಎಂದಿದ್ದರೂ, ತಾಯಿಯ ಕಾಯಿಲೆಗೆ ಬೇಕಾದ ಚಿಕಿತ್ಸೆ ಕೊಡಬಹುದು.

ಇದು ದೂರದ ದೇಶದ ಕಥೆ ಅಂದುಕೊಳ್ಳಬೇಡಿ. ನಮ್ಮ ಒಂದು ಸಂಘದ ಅಕ್ಕ ಎರಡು ವಾರ ಸಭೆಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಚಾಪೆ ಮೇಲೆ ಮಲಗಿದ್ದರು, ಮೈ ಸುಡುತ್ತಿತ್ತು. ಯಾರದೋ ಮಾತು ಕೇಳಿ ಮಾತ್ರೆ ತರಿಸಿ ನುಂಗಿದ್ದರಂತೆ, ರಕ್ತ ನಿಂತಿರಲಿಲ್ಲ. ಯಾಕಮ್ಮ ಹೇಳಲಿಲ್ಲ ಅಂದೆವು. "ಸಿಸ್ಟರ್ ಬೈತಾರೆ ಅಂತ ಹೆದರಿಕೆ ಆಯ್ತು" ಅಂದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಜೀವ ಉಳಿಯಿತು. ಆ ಮಾತು ಮಾತ್ರ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಜೀವ ಉಳಿಸಿ ಅಂತ ಹೇಳುವ ನಮ್ಮ ಹೆದರಿಕೆಯಿಂದಲೇ ಒಂದು ಜೀವ ಹೋಗುತ್ತಿತ್ತಲ್ಲವೇ?

ಕಾನೂನನ್ನೂ ತಿಳಿದಿರಿ. ನಮ್ಮ ದೇಶದಲ್ಲಿ 1971ರ ಕಾಯ್ದೆ ಇದೆ, 2021ರಲ್ಲಿ ಅದಕ್ಕೆ ತಿದ್ದುಪಡಿಯಾಗಿದೆ. ಕಾಯ್ದೆ ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ಡಾಕ್ಟರು ತೀರ್ಮಾನಿಸಬಹುದು. ಅತ್ಯಾಚಾರಕ್ಕೆ ಒಳಗಾದವರು, ಚಿಕ್ಕ ವಯಸ್ಸಿನ ಹುಡುಗಿಯರು ಮುಂತಾದವರಿಗೆ 24 ವಾರದವರೆಗೆ, ಇಬ್ಬರು ಡಾಕ್ಟರು ಒಪ್ಪಬೇಕು. 18 ತುಂಬಿದವಳಿಗೆ ತನ್ನ ಒಪ್ಪಿಗೆ ಸಾಕು, ಗಂಡನ ರುಜು ಬೇಕಿಲ್ಲ. ತಾಯಿಯ ಪ್ರಾಣಕ್ಕೇ ಕೂಡಲೇ ಅಪಾಯ ಇದ್ದರೆ ವಾರಗಳ ಲೆಕ್ಕ ಅಡ್ಡ ಬರುವುದಿಲ್ಲ. ಕಾನೂನು ಬಿಟ್ಟದ್ದನ್ನೆಲ್ಲ ನಮ್ಮ ನಂಬಿಕೆ ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನಿಮಗೆ ತಿಳಿಯದಿರಲಿ ಅಂತ ನಾವು ಬಯಸುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾನೂನು, ನಂಬಿಕೆ ಎರಡೂ ಒಂದೇ. ಹೆಣ್ಣು ಅಂತ ತಿಳಿದು ತೆಗೆಸುವುದು ಅಪರಾಧ. 1994ರ ಕಾಯ್ದೆ ಪ್ರಕಾರ ಗಂಡೋ ಹೆಣ್ಣೋ ಎಂದು ಹೇಳುವಂತೆಯೇ ಇಲ್ಲ. ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2011ರಲ್ಲಿ 948. ಅತ್ತೆಯಂದಿರೇ, ಸೊಸೆಯನ್ನು ಅದಕ್ಕೆ ಒತ್ತಾಯಿಸಬೇಡಿ.

ಕೊನೆಗೆ ನಾವು ಕೇಳಿಕೊಳ್ಳುವುದು ಇಷ್ಟೇ. ಡಾಕ್ಟರನ್ನು ಕೇಳದೆ ಮಾತ್ರೆ ನುಂಗಬೇಡಿ. ರಕ್ತ ಹೋಗುತ್ತಿದ್ದರೆ, ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಬೇಡದ ಬಸುರಾದರೆ ಒಬ್ಬಳೇ ಅಳಬೇಡಿ, ಬಂದು ಹೇಳಿ. ಮಗು ಉಳಿಸಿಕೊಳ್ಳುವ ದಾರಿ ಇದ್ದರೆ ಸಂಘವೆಲ್ಲ ಸೇರಿ ಹುಡುಕೋಣ. ಏನೇ ಆಗಿರಲಿ, ನಾವು ಬೈಯುವುದಿಲ್ಲ.